ಹೆಣ್ಣು ಕೊಡುವ ಪ್ರಶ್ನೆ

ಬೆಂಗಳೂರಿನಿಂದ ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ ಹಾದು ಮುಂಬೈ ಕಡೆಗೆ ಹೋಗುವ ಹೆದ್ದಾರಿ ಪುಣೆಯ ಒಳಗೆ ನುಗ್ಗುವುದಿಲ್ಲ. ಕಾತ್ರಜ್ ಬಳಿ ಮಗ್ಗುಲು ಬದಲಿಸಿ, ಊರನ್ನು ಪಡುವಣದಿಂದ ಬಳಸಿಕೊಂಡು, ದೇಹೂ ರೋಡಿನ ಹತ್ತಿರ ಹಳೆಯ ಮುಂಬೈ ರಸ್ತೆಯನ್ನು ಕೂಡಿಕೊಳ್ಳುತ್ತದೆ. ರಾತ್ರಿ ಬಸ್ಸಿನ ಕನ್ನಡಿಗ ಪ್ರಯಾಣಿಕರು ಆ ಹೆಸರಿನ ಫಲಕವನ್ನು ನಿದ್ದೆಗಣ್ಣಿನಲ್ಲಿ ಕಂಡಿರಬಹುದು. ಇಳಿದು ನೋಡಿದವರು ಕಡಿಮೆ.

ನೋಡಲು ಅಲ್ಲಿ ಮೇಲುನೋಟಕ್ಕೆ ಹೆಚ್ಚೇನೂ ಇಲ್ಲ. ಸಂತ ತುಕಾರಾಮರ ದೇಹೂ ಇರುವುದು ಇನ್ನೂ ಕೆಲವು ಕಿಲೋಮೀಟರ್ ಆಚೆ, ಇಂದ್ರಾಯಣಿಯ ದಡದಲ್ಲಿ. ಆ ಊರಿಗೆ ಹೋಗುವವರು ಇಳಿಯುವ ರೈಲು ನಿಲ್ದಾಣ ದೇಹೂ ರೋಡ್. ಜೊತೆಗೆ ದಂಡು ಪ್ರದೇಶ, ಸೇನೆಯ ಗೋದಾಮುಗಳು, ಮದ್ದುಗುಂಡಿನ ಕಾರ್ಖಾನೆ, ಕಾರ್ಮಿಕರ ವಸತಿಗಳು. ಆದರೆ ಸಮಾಜದ ಮನಸ್ಸು ಹೇಗೆ ಬದಲಾಗುತ್ತದೆ, ಅದನ್ನು ಅಳೆಯುವುದು ಹೇಗೆ ಎಂದು ಕೇಳುವವರು ಈ ನಿಲ್ದಾಣದಲ್ಲಿ ಇಳಿಯಲೇಬೇಕು.

1954ರ ಡಿಸೆಂಬರ್ 25ರಂದು ಡಾ. ಬಿ.ಆರ್. ಅಂಬೇಡ್ಕರ್ ಇಲ್ಲಿಯ ವಿಹಾರದಲ್ಲಿ, ರಂಗೂನಿನಿಂದ ತಂದ ಬುದ್ಧನ ಮೂರ್ತಿಯನ್ನು ಪ್ರತಿಷ್ಠಾಪಿಸಿದರು. ಅದೇ ತಿಂಗಳು ಬರ್ಮಾದಲ್ಲಿ ನಡೆದ ಬೌದ್ಧ ಸಮ್ಮೇಳನದಿಂದ ಅವರು ಹಿಂದಿರುಗಿದ್ದರು. ಡಿಸೆಂಬರ್ 25 ಎಂಬ ದಿನಕ್ಕೂ ಒಂದು ನೆನಪಿದೆ: 1927ರಲ್ಲಿ ಅದೇ ದಿನ ಮಹಾಡ್‌ನಲ್ಲಿ ಮನುಸ್ಮೃತಿಯನ್ನು ಸುಡಲಾಗಿತ್ತು. ಅವರು ಅನುಯಾಯಿಗಳೊಂದಿಗೆ ಬೌದ್ಧರಾದ ನಾಗಪುರದ ದೀಕ್ಷಾ ಸಮಾರಂಭ ನಡೆದದ್ದು 1956ರ ಅಕ್ಟೋಬರ್ 14ರಂದು. ದೇಹೂ ರೋಡ್ ಅದಕ್ಕಿಂತ ಸುಮಾರು ಎರಡು ವರ್ಷ ಮೊದಲೇ ದಿಕ್ಕು ತೋರಿಸಿತ್ತು. ಇಂದಿಗೂ ಪ್ರತಿ ಡಿಸೆಂಬರ್ 25ರಂದು ಜನ ಅಲ್ಲಿ ಸೇರುತ್ತಾರೆ. ಧಮ್ಮಭೂಮಿ ಎಂದೇ ಅದನ್ನು ಕರೆಯುತ್ತಾರೆ.

ಆಮೇಲೆ ಬಂದದ್ದು ಅಂಕಿಗಳು. 1951ರ ಜನಗಣತಿಯಲ್ಲಿ ಇಂದಿನ ಮಹಾರಾಷ್ಟ್ರದ ಪ್ರದೇಶದಲ್ಲಿದ್ದ ಬೌದ್ಧರು 2,487 ಮಂದಿ. ಒಂದು ಸಣ್ಣ ಹೋಬಳಿಯ ಜನಸಂಖ್ಯೆಯೂ ಅಲ್ಲ. 1961ರ ಗಣತಿಯಲ್ಲಿ ಅದೇ ಪ್ರದೇಶದ ಬೌದ್ಧರು 27,89,501. ಗಣತಿದಾರ ಬಾಗಿಲಿಗೆ ಬಂದು ಧರ್ಮ ಯಾವುದು ಎಂದು ಕೇಳಿದಾಗ, ಹತ್ತು ವರ್ಷದ ಹಿಂದೆ ಒಂದು ಉತ್ತರ ಕೊಟ್ಟಿದ್ದ ಲಕ್ಷಾಂತರ ಮನೆಗಳು ಈಗ ಬೇರೆ ಉತ್ತರ ಕೊಟ್ಟವು.

ಆ ಉತ್ತರ ಬಿಟ್ಟಿಯಾಗಿ ಬಂದದ್ದಲ್ಲ. ಬೌದ್ಧ ಎಂದು ಬರೆಸಿದವರು ಕೇಂದ್ರ ಸರ್ಕಾರದ ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಬೀಳುವ ಸ್ಥಿತಿಯಿತ್ತು. ಬೌದ್ಧರಾದ ದಲಿತರಿಗೆ ಆ ಪಟ್ಟಿಯಲ್ಲಿ ಮತ್ತೆ ಜಾಗ ಸಿಕ್ಕಿದ್ದು 1990ರಲ್ಲಿ. ನೌಕರಿ, ವಿದ್ಯಾರ್ಥಿವೇತನ, ಮೀಸಲು ಸ್ಥಾನ ಕೈತಪ್ಪಬಹುದೆಂದು ಗೊತ್ತಿದ್ದೂ ಹೇಳಿದ ಉತ್ತರ ಅದು. ಅಭಿಪ್ರಾಯ ಸಂಗ್ರಹದ ಬಗ್ಗೆ ಮಾತನಾಡುವಾಗ ನೆನಪಿಡಬೇಕಾದ ಮೊದಲ ಸಂಗತಿ ಇದೇ: ಕೆಲವು ಉತ್ತರಗಳಿಗೆ ಬೆಲೆ ತೆರಬೇಕಾಗುತ್ತದೆ, ಕೆಲವಕ್ಕೆ ಬೇಕಿಲ್ಲ. ಜಾತಿ ಕೆಟ್ಟದ್ದೇ ಎಂದು ಯಾರಾದರೂ ಕೇಳಿದರೆ, ಕೆಟ್ಟದ್ದು ಎನ್ನಲು ಖರ್ಚೇನೂ ಇಲ್ಲ. ಮಗಳನ್ನು ಯಾರಿಗೆ ಕೊಡುತ್ತೀರಿ ಎಂದು ಕೇಳಿದರೆ ಮನೆಯ ನಡುಕಂಬವೇ ಅಲುಗುತ್ತದೆ.

ಅಂಬೇಡ್ಕರರು ಈ ಗುಟ್ಟನ್ನು ಹಿಡಿದದ್ದು ಅಮೆರಿಕದಲ್ಲಿ ಕುಳಿತು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1916ರ ಮೇ 9ರಂದು, ಮಾನವಶಾಸ್ತ್ರದ ವಿಚಾರ ಸಂಕಿರಣವೊಂದರಲ್ಲಿ ಅವರು ಭಾರತದ ಜಾತಿಗಳ ಬಗ್ಗೆ ಒಂದು ಪ್ರಬಂಧ ಓದಿದರು. ಆಗ ಅವರಿಗೆ 25 ವರ್ಷ. ಜಾತಿಯ ಬೇರು ಇರುವುದು ಊಟದಲ್ಲಲ್ಲ, ಉದ್ಯೋಗದಲ್ಲೂ ಅಲ್ಲ, ಒಳಗೊಳಗೇ ಮದುವೆ ಮಾಡಿಕೊಳ್ಳುವ ಕಟ್ಟಳೆಯಲ್ಲಿ ಎಂಬುದು ಅದರ ತಿರುಳು. 20 ವರ್ಷಗಳ ನಂತರ, 1936ರಲ್ಲಿ, ಲಾಹೋರಿನ ಸಂಸ್ಥೆಯೊಂದು ಕರೆದು ಆಮೇಲೆ ಹಿಂದೆಗೆದುಕೊಂಡ ಸಭೆಗಾಗಿ ಅವರು ಬರೆದ ಭಾಷಣದಲ್ಲೂ ಅದೇ ಮಾತಿದೆ: ಜಾತಿ ಹೋಗಬೇಕಾದರೆ ಅಂತರ್ಜಾತಿ ವಿವಾಹವೇ ನಿಜವಾದ ಮದ್ದು. ಆ ಭಾಷಣವನ್ನು ಅವರು ಸ್ವಂತ ಖರ್ಚಿನಲ್ಲಿ ಪುಸ್ತಕವಾಗಿ ಅಚ್ಚು ಹಾಕಿಸಿದರು. 1948ರ ಏಪ್ರಿಲ್‌ನಲ್ಲಿ ಅವರು ಮದುವೆಯಾದ ವೈದ್ಯೆ ಶಾರದಾ ಕಬೀರ್, ಮುಂದೆ ಸವಿತಾ ಅಂಬೇಡ್ಕರ್, ಸಾರಸ್ವತ ಬ್ರಾಹ್ಮಣ ಕುಟುಂಬದವರು. ಜಾತಿ, ಧರ್ಮಗಳ ಗೊಡವೆಯಿಲ್ಲದೆ ಮದುವೆಯಾಗಲು ದಾರಿ ಮಾಡಿದ ವಿಶೇಷ ವಿವಾಹ ಕಾಯಿದೆ ಸಂಸತ್ತಿನಲ್ಲಿ ಅಂಗೀಕಾರವಾದದ್ದು 1954ರಲ್ಲಿ, ದೇಹೂ ರೋಡಿನಲ್ಲಿ ಮೂರ್ತಿ ಪ್ರತಿಷ್ಠೆಯಾದ ವರ್ಷವೇ.

ಅದೇ ಅಮೆರಿಕದಲ್ಲಿ 1935ರಲ್ಲಿ ಜಾರ್ಜ್ ಗ್ಯಾಲಪ್ ಎಂಬಾತ ಜನಾಭಿಪ್ರಾಯ ಸಂಗ್ರಹದ ಸಂಸ್ಥೆಯೊಂದನ್ನು ತೆರೆದ. ಮರುವರ್ಷ ಅಧ್ಯಕ್ಷರ ಚುನಾವಣೆ. ಲಿಟರರಿ ಡೈಜೆಸ್ಟ್ ಎಂಬ ಹೆಸರಾಂತ ಪತ್ರಿಕೆ ಒಂದು ಕೋಟಿ ಮತಚೀಟಿಗಳನ್ನು ಅಂಚೆಯಲ್ಲಿ ಕಳಿಸಿ, ಸುಮಾರು 23 ಲಕ್ಷ ಉತ್ತರ ಪಡೆದು, ರೂಸ್‌ವೆಲ್ಟ್ ಸೋಲುತ್ತಾರೆ ಎಂದು ಸಾರಿತು. ಗ್ಯಾಲಪ್ ಸಾವಿರಗಳ ಲೆಕ್ಕದಲ್ಲಷ್ಟೇ ಜನರನ್ನು ಕೇಳಿ, ಗೆಲ್ಲುತ್ತಾರೆ ಎಂದ. ರೂಸ್‌ವೆಲ್ಟ್ ಎರಡು ರಾಜ್ಯ ಬಿಟ್ಟು ಉಳಿದೆಲ್ಲ ಕಡೆ ಗೆದ್ದರು. ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಹಿಚುಕಿದರೆ ಸಾಕು ಎಂದು ನಮ್ಮ ಅಡುಗೆಮನೆಗಳಿಗೆ ಗೊತ್ತು. ಆದರೆ ಅಗುಳನ್ನು ಪಾತ್ರೆಯ ಯಾವ ಮೂಲೆಯಿಂದ ತೆಗೆದರು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಡೈಜೆಸ್ಟ್ ಪತ್ರಿಕೆ ವಿಳಾಸ ಹುಡುಕಿದ್ದು ಟೆಲಿಫೋನ್ ಮತ್ತು ಕಾರು ಇದ್ದವರ ಪಟ್ಟಿಯಲ್ಲಿ. ಆರ್ಥಿಕ ಕುಸಿತದ ಆ ದಿನಗಳಲ್ಲಿ ಅವೆರಡೂ ಇದ್ದವರು ಉಳ್ಳವರು.

ಚುನಾವಣೆಯ ಭವಿಷ್ಯ ಹೇಳುವುದು ಈ ವಿದ್ಯೆಯ ಜಾತ್ರೆಯ ಭಾಗ. ಸರಿಯಾದರೆ ಹೊಗಳಿಕೆ, ತಪ್ಪಾದರೆ ಗೇಲಿ. ನಿಜವಾದ ಸಂಪತ್ತು ಇರುವುದು ಬೇರೆಡೆ: ಒಂದೇ ಪ್ರಶ್ನೆಯನ್ನು ದಶಕಗಟ್ಟಲೆ ಬಿಡದೆ ಕೇಳುತ್ತ ಬಂದದ್ದರಲ್ಲಿ.

ಬಿಳಿಯರು ಮತ್ತು ಕರಿಯರ ನಡುವಿನ ಮದುವೆಯನ್ನು ನೀವು ಒಪ್ಪುತ್ತೀರಾ? ಗ್ಯಾಲಪ್ ಸಂಸ್ಥೆ ಇದನ್ನು 1958ರಲ್ಲಿ ಮೊದಲು ಕೇಳಿದಾಗ ಒಪ್ಪುತ್ತೇನೆ ಎಂದವರು ನೂರಕ್ಕೆ 4. 1968ರಲ್ಲಿ 20. ಅರ್ಧದ ಗೆರೆ ದಾಟಿದ್ದು 1990ರ ದಶಕದಲ್ಲಿ. 2021ರಲ್ಲಿ 94. ಅರವತ್ತಮೂರು ವರ್ಷಗಳಲ್ಲಿ ಒಂದು ದೇಶದ ಉತ್ತರ ಹೆಚ್ಚುಕಡಿಮೆ ತಲೆಕೆಳಗಾಯಿತು. ಇಷ್ಟು ದೊಡ್ಡ ತಿರುವು ಅಭಿಪ್ರಾಯ ಸಂಗ್ರಹದ ಚರಿತ್ರೆಯಲ್ಲೇ ವಿರಳ.

ಈ ಸಾಲಿನ ನಡುವೆ 1967ರ ಜೂನ್ 12ಕ್ಕೆ ಒಂದು ಗುರುತು ಹಾಕಬೇಕು. ವರ್ಜೀನಿಯಾದ ಲವಿಂಗ್ ದಂಪತಿಯ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅಂತರ್ವರ್ಣೀಯ ಮದುವೆಗಳ ಮೇಲಿನ ನಿಷೇಧಗಳನ್ನೆಲ್ಲ ರದ್ದು ಮಾಡಿದ ದಿನ ಅದು. ಆಗ ಜನರಲ್ಲಿ ಐದರಲ್ಲಿ ಒಬ್ಬರು ಮಾತ್ರ ಅಂಥ ಮದುವೆಯನ್ನು ಒಪ್ಪುತ್ತಿದ್ದರು. ನ್ಯಾಯಾಲಯ ಮುಂದೆ ನಡೆಯಿತು, ಜನ ಮೂವತ್ತು ವರ್ಷ ಹಿಂದಿನಿಂದ ಬಂದರು. ಸಲಿಂಗ ವಿವಾಹದ ವಿಷಯದಲ್ಲಿ ಇದಕ್ಕೆ ತದ್ವಿರುದ್ಧ. 1996ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟವರು ನೂರಕ್ಕೆ 27. 2015ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶಕ್ಕೆಲ್ಲ ಮಾನ್ಯ ಮಾಡುವ ಹೊತ್ತಿಗೆ ಜನರ ಒಪ್ಪಿಗೆ ಆಗಲೇ 60ಕ್ಕೆ ಮುಟ್ಟಿತ್ತು. ಕಾನೂನು ಮೊದಲೋ ಮನಸ್ಸು ಮೊದಲೋ ಎಂಬ ನಮ್ಮ ಕಾಲೇಜು ಚರ್ಚಾಸ್ಪರ್ಧೆಗಳ ಹಳೆಯ ವಿಷಯಕ್ಕೆ ಒಂದೇ ದೇಶ ಎರಡು ಉತ್ತರ ಕೊಟ್ಟಿದೆ.

ಉಳಿದ ಬದಲಾವಣೆಗಳೂ ಸಣ್ಣವಲ್ಲ. ಅರ್ಹಳಾದ ಮಹಿಳೆ ಅಧ್ಯಕ್ಷ ಪದವಿಗೆ ನಿಂತರೆ ಮತ ಹಾಕುತ್ತೇವೆ ಎಂದವರು 1937ರಲ್ಲಿ ನೂರಕ್ಕೆ 33. ಈಗ 90ರ ಮೇಲೆ. ಆದರೂ ಆ ಕುರ್ಚಿಯಲ್ಲಿ ಇದುವರೆಗೆ ಹೆಣ್ಣುಮಗಳು ಕುಳಿತಿಲ್ಲ. ಅಂಥ ಸಮೀಕ್ಷೆ ಯಾವುದನ್ನೂ ಕಾಯದೆ ಭಾರತ 1966ರಲ್ಲೇ ಮಹಿಳೆಯೊಬ್ಬರನ್ನು ಪ್ರಧಾನಿ ಪದವಿಯಲ್ಲಿ ಕಂಡಿತು. ಗಾಂಜಾ ಸೇವನೆ ಕಾನೂನುಬದ್ಧವಾಗಲಿ ಎಂದವರು 1969ರಲ್ಲಿ ಅಮೆರಿಕದಲ್ಲಿ ನೂರಕ್ಕೆ 12, 2023ರಲ್ಲಿ 70. ಚರ್ಚು, ಸಿನಗಾಗ್, ಮಸೀದಿಗಳಲ್ಲಿ ಯಾವುದಾದರೊಂದರ ಸದಸ್ಯರು ಎಂದವರು 1999ರಲ್ಲಿ 70, 2020ರಲ್ಲಿ 47.

ಹಾಗಾದರೆ ಅಮೆರಿಕನ್ನರ ಮನಸ್ಸಿನಿಂದ ಹೊರಗಿನವರೆಂಬ ಭಾವನೆಯೇ ಅಳಿಯಿತೆ? ಇಲ್ಲ. ಅದು ಮನೆ ಬದಲಿಸಿತು. 1960ರ ಸುಮಾರಿಗೆ ಅಲ್ಲಿಯ ತಂದೆತಾಯಿಯರನ್ನು, ನಿಮ್ಮ ಮಗ ಅಥವಾ ಮಗಳು ಎದುರು ಪಕ್ಷದವರನ್ನು ಮದುವೆಯಾದರೆ ಬೇಸರವೇ ಎಂದು ಕೇಳಿದಾಗ, ಎರಡೂ ಪಕ್ಷಗಳಲ್ಲಿ ಹೌದು ಎಂದವರು ನೂರಕ್ಕೆ ನಾಲ್ಕೈದು ಮಂದಿ. ಇವರಿಗೇನು ತಲೆಕೆಟ್ಟಿದೆಯೇ, ಮದುವೆಗೂ ಪಕ್ಷಕ್ಕೂ ಏನು ಸಂಬಂಧ ಎಂದು ಉತ್ತರ ಕೊಟ್ಟವರೇ ಅಂದುಕೊಂಡಿರಬೇಕು. 2010ರಲ್ಲಿ ಪ್ರಶ್ನೆಯ ಮಾತು ಸ್ವಲ್ಪ ಬದಲಾಗಿತ್ತು, ಅರ್ಥ ಅದೇ. ರಿಪಬ್ಲಿಕನ್ನರಲ್ಲಿ ಸುಮಾರು ಅರ್ಧ, ಡೆಮಾಕ್ರಾಟರಲ್ಲಿ ಸುಮಾರು ಮೂರನೇ ಒಂದು ಪಾಲು ಬೇಸರವಾಗುತ್ತದೆ ಎಂದರು. ಬೀಗರ ಮನೆಯ ಗೋಡೆಯ ಮೇಲೆ ಯಾರ ಪಟವಿದೆ ಎಂದು ನೋಡಿ ಸಂಬಂಧ ಬೆಳೆಸುವ ಕಾಲ ಅಲ್ಲಿಗೂ ಬಂತು. ಮೇಲಿನ 4ರಿಂದ 94ರ ಕಥೆಯನ್ನು ಹೇಳುವವರು ಈ ಕಥೆಯನ್ನೂ ಪಕ್ಕದಲ್ಲಿಡಬೇಕು. ಇಲ್ಲದಿದ್ದರೆ ಅದು ಅರ್ಧಸತ್ಯ.

ಹೇಳುವುದೊಂದು, ಮಾಡುವುದೊಂದು ಎಂಬ ತೊಡಕು ಬೇರೆ. ಅಮೆರಿಕದಲ್ಲಿ ಹೊಸದಾಗಿ ಮದುವೆಯಾದವರಲ್ಲಿ ಬೇರೆ ಜನಾಂಗದವರನ್ನು ವರಿಸಿದವರು 1967ರಲ್ಲಿ ನೂರಕ್ಕೆ 3, 2015ರಲ್ಲಿ 17. ಏರಿಕೆ ದೊಡ್ಡದೇ. ಆದರೆ ಒಪ್ಪುವವರ ಸಾಲು ಉದ್ದ, ಮದುವೆಯಾದವರ ಸಾಲು ಗಿಡ್ಡ. ಅಲಬಾಮಾ ರಾಜ್ಯದ ಸಂವಿಧಾನದಲ್ಲಿ ಸತ್ತ ಅಕ್ಷರವಾಗಿ ಉಳಿದಿದ್ದ ನಿಷೇಧವನ್ನು ಕಿತ್ತುಹಾಕಲು 2000ದಲ್ಲಿ ಜನಮತ ಕೇಳಿದರು. ಕಿತ್ತುಹಾಕುವವರೇ ಗೆದ್ದರು. ಆದರೆ ಮತಗಟ್ಟೆಯ ಮರೆಯಲ್ಲಿ ನೂರಕ್ಕೆ ಸುಮಾರು 40 ಮಂದಿ ನಿಷೇಧ ಇರಲಿ ಎಂದೇ ಮತ ಹಾಕಿದರು.

ಇದರ ಉಲ್ಟಾ ಕೂಡ ನಡೆದಿದೆ. ರಿಚರ್ಡ್ ಲಪಿಯರ್ ಎಂಬ ಸಮಾಜಶಾಸ್ತ್ರಜ್ಞ 1930ರ ದಶಕದ ಆರಂಭದಲ್ಲಿ ಚೀನೀ ದಂಪತಿಯೊಬ್ಬರ ಜೊತೆ ಕಾರಿನಲ್ಲಿ ಅಮೆರಿಕ ಸುತ್ತಿದ. ಆಗ ಅಲ್ಲಿ ಚೀನೀಯರ ಮೇಲೆ ಅಸಹನೆ ತುಂಬಿತ್ತು. 251 ಹೋಟೆಲು, ವಸತಿಗೃಹ, ಊಟದ ಮನೆಗಳಿಗೆ ಅವರು ಹೋದರು. ಒಳಗೆ ಬಿಡದೆ ಕಳಿಸಿದ್ದು ಒಂದೇ ಒಂದು ಕಡೆ. ಆರು ತಿಂಗಳ ಬಳಿಕ ಅದೇ ಜಾಗಗಳಿಗೆ ಚೀನೀಯರನ್ನು ಅತಿಥಿಗಳಾಗಿ ಒಪ್ಪುತ್ತೀರಾ ಎಂದು ಪತ್ರ ಬರೆದು ಕೇಳಿದ. ಉತ್ತರಿಸಿದವರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿ ಒಪ್ಪುವುದಿಲ್ಲ ಎಂದರು. ಕಾಗದದ ಮೇಲೆ ಕಲ್ಲುಮನಸ್ಸು, ಎದುರಿಗೆ ಬಂದಾಗ ಬಾಗಿಲು ತೆರೆಯುವ ಮನಸ್ಸು. ಲಪಿಯರ್ ಈ ಪ್ರಬಂಧ ಪ್ರಕಟಿಸಿದ್ದು 1934ರಲ್ಲಿ. ಮನೋಭಾವವನ್ನು ಅಳೆಯುವವರನ್ನು ಅದು ಇಂದಿಗೂ ಕಾಡುತ್ತಿದೆ.

ಭಾರತದಲ್ಲಿ ಆಗುವುದು ಬಹುಪಾಲು ಇದಕ್ಕೆ ವಿರುದ್ಧ. ಕಾಗದದ ಮೇಲೆ ನಾವು ಉದಾರಿಗಳು.

ಇಲ್ಲಿಯೂ ಈ ವಿದ್ಯೆ ಹೊಸದಲ್ಲ. ಗ್ಯಾಲಪ್ ಸಂಸ್ಥೆ ಕಣ್ಣು ಬಿಟ್ಟ 1935ರಲ್ಲೇ ಕೆ.ಟಿ. ಮರ್ಚೆಂಟ್ ಎಂಬವರು ಮದುವೆ ಮತ್ತು ಕುಟುಂಬದ ಬಗ್ಗೆ ಹಿಂದೂ ಯುವಜನರ ಬದಲಾಗುತ್ತಿರುವ ಅಭಿಪ್ರಾಯಗಳನ್ನು ಕುರಿತ ಪುಸ್ತಕ ಪ್ರಕಟಿಸಿದ್ದರು. ಮೈಸೂರಿನ ಎಂ.ಎನ್. ಶ್ರೀನಿವಾಸ್ ಮುಂಬೈನಲ್ಲಿ ಜಿ.ಎಸ್. ಘುರ್ಯೆಯವರ ಶಿಷ್ಯರಾಗಿದ್ದಾಗ ಬರೆದ ಮೊದಲ ಪುಸ್ತಕ, ಮೈಸೂರು ಸೀಮೆಯ ಮದುವೆ ಮತ್ತು ಕುಟುಂಬವನ್ನೇ ಕುರಿತದ್ದು, 1942ರಲ್ಲಿ ಹೊರಬಂತು. ಪುಣೆಯಂತೂ ಸಮೀಕ್ಷೆಗಳ ತವರು. 1930ರಲ್ಲಿ ಅಲ್ಲಿ ಹುಟ್ಟಿದ ಗೋಖಲೆ ಸಂಸ್ಥೆಯಲ್ಲಿ ಡಿ.ಆರ್. ಗಾಡ್ಗೀಳ್ ಅವರು ಇಡೀ ನಗರದ ಸಾಮಾಜಿಕ, ಆರ್ಥಿಕ ಸಮೀಕ್ಷೆ ಮಾಡಿ 1945 ಮತ್ತು 1952ರಲ್ಲಿ ಎರಡು ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಪ್ರಶಾಂತಚಂದ್ರ ಮಹಲನೋಬಿಸರ ಮಾದರಿ ಸಮೀಕ್ಷೆ 1950ರಿಂದ ದೇಶದ ಅಡುಗೆಮನೆಯ ಖರ್ಚನ್ನೆಲ್ಲ ಅಳೆಯಿತು. 1963ರಲ್ಲಿ ರಜನಿ ಕೊಠಾರಿ ದಿಲ್ಲಿಯಲ್ಲಿ ಕಟ್ಟಿದ ಸಿಎಸ್‌ಡಿಎಸ್ ಸಂಸ್ಥೆ 1967ರ ಚುನಾವಣೆಯಿಂದ ಮತದಾರರ ಮನಸ್ಸನ್ನು ಓದತೊಡಗಿತು. ಬೇಳೆಯ ಬೆಲೆಯನ್ನೂ ಮತದ ಲೆಕ್ಕವನ್ನೂ ನಾವು ಚೆನ್ನಾಗಿಯೇ ಅಳೆದೆವು. ಕೊಡುಕೊಳ್ಳುವ ಸಂಬಂಧದ ಪ್ರಶ್ನೆಯನ್ನು ಮಾತ್ರ ದಶಕಗಟ್ಟಲೆ ಒಂದೇ ಮಾತಿನಲ್ಲಿ ಕೇಳುತ್ತ ಬರಲಿಲ್ಲ.

ಇತ್ತೀಚೆಗೆ ಕೇಳಿದವರಲ್ಲಿ ದೊಡ್ಡವರು ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರದವರು. 2019ರ ಕೊನೆಯಿಂದ 2020ರ ಮಾರ್ಚ್‌ವರೆಗೆ 17 ಭಾಷೆಗಳಲ್ಲಿ 29,999 ಭಾರತೀಯರನ್ನು ಮಾತನಾಡಿಸಿ, 2021ರಲ್ಲಿ ವರದಿ ಕೊಟ್ಟರು. ದಲಿತರಲ್ಲದವರಲ್ಲಿ ನೂರಕ್ಕೆ 72 ಮಂದಿ ದಲಿತರು ನೆರೆಮನೆಗೆ ಬಂದರೆ ಅಡ್ಡಿಯಿಲ್ಲ ಎಂದರು. ಸಂತೋಷಪಡುವಷ್ಟರಲ್ಲಿ ಮುಂದಿನ ಅಂಕಿ ಬರುತ್ತದೆ. ತಮ್ಮ ಸಮುದಾಯದ ಹೆಣ್ಣುಮಕ್ಕಳು ಜಾತಿ ಬಿಟ್ಟು ಮದುವೆಯಾಗದಂತೆ ತಡೆಯುವುದು ಬಹಳ ಮುಖ್ಯ ಎಂದವರು ನೂರಕ್ಕೆ 64. ಗಂಡುಮಕ್ಕಳ ವಿಷಯದಲ್ಲಿ 62. ನೆರೆಯವರಾದರೆ ಸರಿ, ಬೀಗರಾಗುವುದು ಬೇಡ. ಮಧ್ಯ ಭಾರತದಲ್ಲಿ ಹೆಣ್ಣುಮಕ್ಕಳನ್ನು ತಡೆಯಬೇಕೆನ್ನುವವರು 82, ನಮ್ಮ ದಕ್ಷಿಣದಲ್ಲಿ 35. ಈ ಅಂತರ ಕಂಡು ದಕ್ಷಿಣದವರು ಮೀಸೆ ತಿರುವುವುದು ಬೇಡ. ಮರ್ಯಾದೆಯ ಹೆಸರಿನ ಕೊಲೆಗಳ ಸುದ್ದಿ ನಮ್ಮ ಜಿಲ್ಲೆಗಳಿಂದಲೂ ಬರುತ್ತಲೇ ಇದೆ.

ಕೇಳುವ ಬಗೆಯಲ್ಲೂ ಒಂದು ಜಾಣ್ಮೆ ಇದೆ. ಸುಮಾರು 42,000 ಮನೆಗಳನ್ನು ಮುಟ್ಟಿದ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆ 2011–12ರಲ್ಲಿ, ನಿಮ್ಮ ಮನೆಯಲ್ಲಿ ಯಾರಾದರೂ ಅಸ್ಪೃಶ್ಯತೆ ಆಚರಿಸುತ್ತಾರೆಯೇ ಎಂದು ಮೊದಲು ನೇರವಾಗಿ ಕೇಳಿತು. ಇಲ್ಲ ಎಂದವರನ್ನು ಅಲ್ಲಿಗೇ ಬಿಡಲಿಲ್ಲ. ಪರಿಶಿಷ್ಟ ಜಾತಿಯವರು ನಿಮ್ಮ ಅಡುಗೆಮನೆಗೆ ಬಂದರೆ, ನಿಮ್ಮ ಪಾತ್ರೆ ಬಳಸಿದರೆ ಪರವಾಗಿಲ್ಲವೇ ಎಂದು ಮತ್ತೆ ಕೇಳಿತು. ಮೊದಲ ಪ್ರಶ್ನೆಯಲ್ಲಿ ನುಣುಚಿಕೊಂಡ ಕೆಲವರು ಎರಡನೆಯದರಲ್ಲಿ ಸಿಕ್ಕಿಬಿದ್ದರು. ಎರಡೂ ಸೇರಿ ನೂರಕ್ಕೆ 27 ಮನೆಗಳು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿ ಆರು ದಶಕವಾದ ಮೇಲೆ, ಮನೆಗೆ ಬಂದ ಅಪರಿಚಿತರ ಮುಂದೆ ಬಾಯಿಬಿಟ್ಟು ಒಪ್ಪಿಕೊಂಡವರ ಲೆಕ್ಕ ಇದು.

ಮುಖ ಕಾಣದಿದ್ದರೆ ಇನ್ನೂ ಸಲೀಸು. 2016ರಿಂದ ಡಯಾನ್ ಕಾಫಿ, ಅಮಿತ್ ಥೋರಟ್ ಮತ್ತು ಸಂಗಡಿಗರು ಮೊಬೈಲ್ ಸಂಖ್ಯೆಗಳಿಗೆ ಕರೆಮಾಡಿ ನಡೆಸಿದ ಸಮೀಕ್ಷೆಯಲ್ಲಿ, ರಾಜಸ್ಥಾನ ಮತ್ತು ಉತ್ತರ ಪ್ರದೇಶದ ಹಳ್ಳಿಗಳ ದಲಿತೇತರ ಹಿಂದೂ ಹೆಂಗಸರಲ್ಲಿ ಸುಮಾರು ಮೂರನೇ ಎರಡರಷ್ಟು ಮಂದಿ ತಮ್ಮ ಮನೆಯಲ್ಲಿ ಅಸ್ಪೃಶ್ಯತೆ ಇದೆ ಎಂದರು. ದಲಿತರು ಮತ್ತು ಇತರರ ಮದುವೆಯನ್ನು ತಡೆಯುವ ಕಾನೂನೇ ಬರಲಿ ಎಂದವರು ರಾಜಧಾನಿ ದಿಲ್ಲಿಯಲ್ಲೂ ಹತ್ತರಲ್ಲಿ ನಾಲ್ವರಷ್ಟಿದ್ದರು. ಅಮೆರಿಕದ ಕೋರ್ಟು 1967ರಲ್ಲಿ ಹೂತದ್ದನ್ನು ಇವರು ಇಲ್ಲಿ ಹೊಸದಾಗಿ ಬಯಸುತ್ತಿದ್ದಾರೆ.

ಬಾಯಿಮಾತನ್ನೇ ನಂಬದವರು ಬೇರೆ ದಾರಿ ಹಿಡಿದರು. ಮಹಾರಾಷ್ಟ್ರದವರೇ ಆದ ಅರ್ಥಶಾಸ್ತ್ರಜ್ಞ ಸುಖದೇವ್ ಥೋರಟ್ ಮತ್ತು ಅಮೆರಿಕದ ಪಾಲ್ ಅಟ್ಟೆವೆಲ್, 2005ರಿಂದ ಪತ್ರಿಕೆಗಳ 548 ಉದ್ಯೋಗ ಜಾಹೀರಾತುಗಳಿಗೆ 4,808 ಅರ್ಜಿ ಕಳಿಸಿದರು. ವಿದ್ಯೆ, ಅನುಭವ ಸಮಾನ. ಹೆಸರು ಮಾತ್ರ ಬೇರೆ: ಮೇಲ್ಜಾತಿಯದು, ದಲಿತರದು, ಮುಸ್ಲಿಮರದು. ಸಂದರ್ಶನಕ್ಕೆ ಕರೆ ಬರುವ ಸಾಧ್ಯತೆ ಮೇಲ್ಜಾತಿಯ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಮೂರನೇ ಎರಡರಷ್ಟು, ಮುಸ್ಲಿಂ ಹೆಸರಿಗೆ ಮೂರನೇ ಒಂದರಷ್ಟು ಎಂದು 2007ರಲ್ಲಿ ವರದಿ ಬಂತು. ಖಾಸಗಿ ಕಂಪನಿಗಳಲ್ಲಿ ಪ್ರತಿಭೆಯೊಂದೇ ಮಾನದಂಡ ಎಂದು ಹೇಳುವವರಿಗೆ ಈ ವರದಿಯನ್ನು ಓದಿಸಬೇಕು.

ಆದರೆ ಇಷ್ಟು ದೂರವೂ ಹೋಗಬೇಕಿಲ್ಲ. ಭಾನುವಾರದ ಪತ್ರಿಕೆಯ ವಧೂವರರ ಅಂಕಣ ನೋಡಿದರೆ ಸಾಕು. ಜಾತಿ ಅಡ್ಡಿಯಿಲ್ಲ ಎಂದು ದಪ್ಪಕ್ಷರದಲ್ಲಿ ಇರುತ್ತದೆ. ಅದರ ಬೆನ್ನಿಗೆ, ಪರಿಶಿಷ್ಟರ ಹೊರತು ಎಂಬ ಸಣ್ಣಕ್ಷರವೂ ಇರುತ್ತದೆ. ಒಂದೇ ಸಾಲಿನಲ್ಲಿ ದಪ್ಪಕ್ಷರವೂ ಸಣ್ಣಕ್ಷರವೂ ಇರುವ ಈ ಜಾಹೀರಾತು, ಯಾವ ಸಂಶೋಧಕನೂ ಕಳಿಸದ ಪ್ರಶ್ನಾವಳಿಗೆ ಜನ ತಾವಾಗಿ ದುಡ್ಡು ಕೊಟ್ಟು ಬರೆದ ಉತ್ತರ.

ಹಾಗಾದರೆ ಭಾರತದಲ್ಲಿ ಜಾತಿ ದಾಟಿ ಎಷ್ಟು ಮದುವೆಗಳಾಗುತ್ತಿವೆ? ಮಾನವ ಅಭಿವೃದ್ಧಿ ಸಮೀಕ್ಷೆಯ ಮಾಹಿತಿ ಹಿಡಿದು ದಿಲ್ಲಿಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಸಂಶೋಧಕರಾದ ತ್ರಿದೀಪ್ ರೇ, ಅರ್ಕ ರಾಯ್ ಚೌಧುರಿ, ಕೋಮಲ್ ಸಹಾಯ್ ಲೆಕ್ಕ ಹಾಕಿದರು. 2011ರಲ್ಲಿ ನೂರಕ್ಕೆ 5.82. ನಾಲ್ಕು ದಶಕಗಳಲ್ಲಿ ಈ ಅಂಕಿ ಏರುವ ಲಕ್ಷಣವೇ ಕಾಣಲಿಲ್ಲ ಎಂಬುದು ಅವರ ತೀರ್ಮಾನ. ಹಳ್ಳಿ ಬಿಟ್ಟು ಪಟ್ಟಣ ಸೇರಿದೆವು, ಬಸ್ಸಿನಲ್ಲಿ ಪಕ್ಕಪಕ್ಕ ಕೂತೆವು, ಒಂದೇ ಕ್ಯಾಂಟೀನಿನಲ್ಲಿ ಉಂಡೆವು. ಮದುವೆಯ ಚಪ್ಪರ ಮಾತ್ರ ಇದ್ದಲ್ಲೇ ಇದೆ.

ಅದೇ ಅಧ್ಯಯನದ ಇನ್ನೊಂದು ಮಾತು ಎಲ್ಲರ ಹುಬ್ಬೇರಿಸಿತು. ಓದಿದ ಹುಡುಗ, ಓದಿದ ಹುಡುಗಿ ಜಾತಿ ಮೀರುತ್ತಾರೆ ಎಂದು ನಾವೆಲ್ಲ ನಂಬಿದ್ದೇವೆ. ಲೆಕ್ಕ ಹಾಗೆ ಹೇಳಲಿಲ್ಲ. ಮದುವೆಯಾಗುವವರ ಓದಿಗಿಂತ ಹುಡುಗನ ತಾಯಿಯ ಓದು ಹೆಚ್ಚು ಕೆಲಸ ಮಾಡುತ್ತದೆ. ಆಕೆ ಹತ್ತು ವರ್ಷ ಹೆಚ್ಚು ಓದಿದ್ದರೆ ಅಂತರ್ಜಾತಿ ಮದುವೆಯ ಸಾಧ್ಯತೆ ನೂರಕ್ಕೆ 36ರಷ್ಟು ಏರುತ್ತದೆ. ಯೋಚಿಸಿದರೆ ಇದು ನಮ್ಮ ಮನೆಗಳ ನಿಜವೇ. ಎಂಜಿನಿಯರ್ ಮಗ ಅಮ್ಮನ ಒಪ್ಪಿಗೆಗೆ ಕಾಯುತ್ತಾನೆ. ಸೊಸೆ ಯಾರಾಗಬೇಕೆಂದು ತೀರ್ಮಾನಿಸುವಲ್ಲಿ ಅತ್ತೆಯ ಮಾತಿಗೆ ತೂಕವಿದೆ. ಇಂದು ಶಾಲೆಗೆ ಹೋಗುವ ಹೆಣ್ಣುಮಗುವಿನ ಓದಿನ ಫಲ ಆಕೆಯ ಮದುವೆಯಲ್ಲಿ ಕಾಣದಿರಬಹುದು, ಆಕೆಯ ಮಗನ ಮದುವೆಯಲ್ಲಿ ಕಂಡೀತು. ಅಂತರ್ಜಾತಿ ದಂಪತಿಗೆ 2.5 ಲಕ್ಷ ರೂಪಾಯಿ ನೆರವು ನೀಡುವ ಕೇಂದ್ರದ 2013ರ ಯೋಜನೆ ಇಡೀ ದೇಶಕ್ಕೆ ವರ್ಷಕ್ಕೆ 500 ಜೋಡಿಗಳ ಗುರಿ ಇಟ್ಟುಕೊಂಡಿತ್ತು. ಅದಕ್ಕಿಂತ ಹುಡುಗರ ತಾಯಂದಿರ ಓದೇ ಹೆಚ್ಚು ಪ್ರಯೋಜನಕ್ಕೆ ಬಂದೀತು ಎನ್ನಿಸುತ್ತದೆ.

ಈ ಪ್ರಶ್ನೆಯ ಬೆಲೆ ಎಷ್ಟು ದುಬಾರಿ ಎಂಬುದು ಕನ್ನಡ ನಾಡಿಗೆ ಹೊಸದಾಗಿ ತಿಳಿಯಬೇಕಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತು, ಬಿಜ್ಜಳ ಆ ತಂದೆಯರಿಬ್ಬರಿಗೂ ಘೋರ ಶಿಕ್ಷೆ ವಿಧಿಸಿದ, ಕಲ್ಯಾಣ ಹೊತ್ತಿ ಉರಿಯಿತು ಎಂದು ಶರಣರ ಪರಂಪರೆ ಹೇಳುತ್ತದೆ. ದಾಸೋಹದಲ್ಲಿ ಕೂಡಿ ಉಣ್ಣುವುದನ್ನು ಸಹಿಸಿದ್ದ ವ್ಯವಸ್ಥೆ ಮದುವೆಯನ್ನು ಸಹಿಸಲಿಲ್ಲ. ಎಂಟು ನೂರು ವರ್ಷಗಳ ಬಳಿಕ ಕುವೆಂಪು ಪುರೋಹಿತ, ಮುಹೂರ್ತ, ವರದಕ್ಷಿಣೆ ಯಾವುದೂ ಇಲ್ಲದ ಮಂತ್ರಮಾಂಗಲ್ಯವನ್ನು ರೂಪಿಸಿ, 1966ರಲ್ಲಿ ಮಗ ತೇಜಸ್ವಿಯ ಮದುವೆಯನ್ನೇ ಆ ರೀತಿ ಮಾಡಿಸಿದರು. ಅಲ್ಲಿಂದೀಚೆಗೆ ಎಷ್ಟೋ ಜೋಡಿಗಳು ಆ ದಾರಿಯಲ್ಲಿ ನಡೆದಿವೆ.

ಕಡಲಾಚೆ ಹೋದವರ ಕಥೆಯೇನು? ನೂರರಲ್ಲಿ 94 ಮಂದಿ ಅಂತರ್ವರ್ಣೀಯ ಮದುವೆ ಒಪ್ಪುವ ದೇಶದಲ್ಲಿ ಕೂತ ನಮ್ಮವರು? 2020ರಲ್ಲಿ ಕಾರ್ನೆಗಿ ಸಂಸ್ಥೆಯ ಪರವಾಗಿ 1,200 ಭಾರತೀಯ ಅಮೆರಿಕನ್ನರ ಸಮೀಕ್ಷೆ ನಡೆಯಿತು. ಮದುವೆಯಾದವರಲ್ಲಿ ಹತ್ತರಲ್ಲಿ ಎಂಟು ಮಂದಿಯ ಬಾಳಸಂಗಾತಿ ಭಾರತೀಯ ಮೂಲದವರೇ. ಹಿಂದೂಗಳಲ್ಲಿ ಸುಮಾರು ಅರ್ಧದಷ್ಟು ಜನ ತಮ್ಮ ಜಾತಿಯನ್ನು ಗುರುತಿಸಿ ಹೇಳಿದರು. ಅಮೆರಿಕದ ಹೊರಗೆ ಹುಟ್ಟಿ ಅಲ್ಲಿಗೆ ಹೋದವರಲ್ಲಿ ಹಾಗೆ ಹೇಳಿದವರು ನೂರಕ್ಕೆ 53, ಅಲ್ಲೇ ಹುಟ್ಟಿದವರಲ್ಲಿ 34. ಒಂದು ತಲೆಮಾರಿನಲ್ಲಿ ಇಷ್ಟು ಇಳಿದದ್ದು ಆಶಾದಾಯಕ ಎನ್ನಬಹುದು. ಅಮೆರಿಕದ ನೆಲದಲ್ಲೇ ಹುಟ್ಟಿ ಬೆಳೆದ ಮೂವರಲ್ಲಿ ಒಬ್ಬರಿಗೆ ಇನ್ನೂ ಜಾತಿ ಬೇಕಾಗಿದೆ ಎಂದೂ ಓದಬಹುದು. ಅಲ್ಲಿ ಕನ್ನಡ ಕೂಟಗಳಿರುವಂತೆ ವೀರಶೈವ ಸಮಾಜ, ಒಕ್ಕಲಿಗ ಪರಿಷತ್ತುಗಳೂ ಇವೆ. 2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರಸಭೆ ಜಾತಿ ತಾರತಮ್ಯವನ್ನು ನಿಷೇಧಿಸಿತು. ಅಮೆರಿಕದಲ್ಲಿ ಅಂಥ ಮೊದಲ ನಗರ ಅದು. ಕ್ಯಾಲಿಫೋರ್ನಿಯಾದ ಶಾಸನಸಭೆ ಒಪ್ಪಿದ ಅಂಥದೇ ಮಸೂದೆಗೆ ಅದೇ ವರ್ಷ ಅಕ್ಟೋಬರ್‌ನಲ್ಲಿ ಅಲ್ಲಿಯ ಗವರ್ನರ್ ಸಹಿ ಹಾಕಲಿಲ್ಲ. ಕೊಲಂಬಿಯಾದಲ್ಲಿ ಪ್ರಬಂಧ ಓದಿದ ತರುಣನ ವಿಷಯ ನೂರು ವರ್ಷ ದಾಟಿದ ಮೇಲೆ ಅಮೆರಿಕದ ನಗರಸಭೆಗಳ ಮೇಜಿಗೆ ಬಂತು.

ಕೇಳುಗರೇ, ಅಮೆರಿಕನ್ನರು ನಮಗಿಂತ ಒಳ್ಳೆಯವರು ಎಂದು ಹೇಳುವುದು ಈ ಭಾಷಣದ ಉದ್ದೇಶವಲ್ಲ. ಅವರಲ್ಲಿರುವ ಒಂದು ಅಭ್ಯಾಸ ನಮ್ಮಲ್ಲಿಲ್ಲ, ಅಷ್ಟೇ. ಷಿಕಾಗೋದ ಸಂಸ್ಥೆಯೊಂದು 1972ರಿಂದ ದೇಶದ ಸಾಮಾಜಿಕ ಮನೋಭಾವದ ಸಮೀಕ್ಷೆಯನ್ನು ಪ್ರಶ್ನೆಗಳ ಮಾತನ್ನು ಆದಷ್ಟೂ ಕದಲಿಸದೆ ನಡೆಸುತ್ತ ಬಂದಿದೆ. ಹಾಗಾಗಿ ಅಜ್ಜನ ಉತ್ತರವನ್ನೂ ಮೊಮ್ಮಗಳ ಉತ್ತರವನ್ನೂ ಪಕ್ಕಪಕ್ಕ ಇಟ್ಟು ನೋಡಲು ಅವರಿಗೆ ಸಾಧ್ಯ. 1972ರಲ್ಲೇ ವಿ.ಕೆ.ಆರ್.ವಿ. ರಾವ್ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು ಕಟ್ಟಿದರು. ಎಂ.ಎನ್. ಶ್ರೀನಿವಾಸ್ ದಿಲ್ಲಿ ಬಿಟ್ಟು ಅಲ್ಲಿಗೆ ಬಂದರು. ಬದಲಾವಣೆ ಎಂಬುದನ್ನು ಹೆಸರಿನಲ್ಲೇ ಹೊತ್ತ ಆ ಸಂಸ್ಥೆಯೋ ನಮ್ಮ ವಿಶ್ವವಿದ್ಯಾಲಯಗಳೋ ಕರ್ನಾಟಕದ ಹತ್ತಾರು ತಾಲ್ಲೂಕುಗಳಲ್ಲಿ, ಗಡಿಯಾಚೆಯ ಸೊಲ್ಲಾಪುರ, ಕಾಸರಗೋಡಿನಲ್ಲಿ, ಪುಣೆ ಮುಂಬೈಗಳ ಕನ್ನಡ ಮನೆಗಳಲ್ಲಿ ಐದು ವರ್ಷಕ್ಕೊಮ್ಮೆ ಹತ್ತೇ ಹತ್ತು ಪ್ರಶ್ನೆ ಕೇಳಬೇಕು. ಅದೇ ಹತ್ತು, ಅದೇ ಮಾತಿನಲ್ಲಿ. ಸರ್ಕಾರ ಬದಲಾದರೂ ಪ್ರಶ್ನೆ ಬದಲಾಗಬಾರದು.

ಜಾತಿ ಎಣಿಸುವ ಕೆಲಸ ಹೇಗೂ ನಡೆದಿದೆ. ರಾಜ್ಯದ ಹಿಂದುಳಿದ ವರ್ಗಗಳ ಆಯೋಗ 2015ರಲ್ಲೊಮ್ಮೆ, 2025ರಲ್ಲಿ ಮತ್ತೊಮ್ಮೆ ಮನೆಮನೆಗೆ ಹೋಯಿತು. 2027ರ ಮಾರ್ಚ್ 1ನ್ನು ಗುರುತಿನ ದಿನವಾಗಿಟ್ಟುಕೊಂಡ ರಾಷ್ಟ್ರೀಯ ಜನಗಣತಿ 1931ರ ನಂತರ ಮೊದಲ ಬಾರಿಗೆ ಎಲ್ಲರ ಜಾತಿಯನ್ನೂ ಬರೆದುಕೊಳ್ಳಲಿದೆ. ಯಾರು ಎಷ್ಟಿದ್ದೇವೆ ಎಂದು ಅದರಿಂದ ತಿಳಿಯುತ್ತದೆ. ಒಬ್ಬರ ಮನೆಗೆ ಇನ್ನೊಬ್ಬರು ಹೆಣ್ಣು ಕೊಡುತ್ತಾರೆಯೇ ಎಂಬುದನ್ನು ಬೇರೆಯಾಗಿಯೇ ಕೇಳಬೇಕು. ಹಾಗೆ ಕೇಳಲು ಯಾರಾದರೂ ನಿಮ್ಮ ಬಾಗಿಲಿಗೆ ಬಂದರೆ, ದಯವಿಟ್ಟು ಮನೆಯವರೆಲ್ಲ ಒಟ್ಟಿಗೆ ಕೂತು ಒಬ್ಬರ ಮುಖ ಒಬ್ಬರು ನೋಡಿ ಉತ್ತರಿಸಬೇಡಿ. ಹಿರಿಯರನ್ನು ಬೇರೆ, ಹೆಣ್ಣುಮಕ್ಕಳನ್ನು ಬೇರೆ ಮಾತನಾಡಿಸಲು ಅವಕಾಶ ಕೊಡಿ, ಇದ್ದದ್ದನ್ನು ಇದ್ದಂತೆ ಹೇಳಿ.